ಮುಂದಿನ ರವಿವಾರ ಖಂಡಿತ ಹೋಗೂಣ್ರೀ!

"ಎಲ್ಲಾರಿಗೂ ರವಿವಾರ ಸೂಟಿ. ನಮ್ಮನ್ಯಾಗ ಮಾತ್ರ ರವಿವಾರನ ದೊಡ್ಡ ಡ್ಯೂಟಿ." ಮದುವೆಯಾದ ಮೊದಲ ವರ್ಷ ನಮ್ಮ ಯಜಮಾನರು ಮನೆಗೆ ಬಂದವರ ಮುಂದೆಲ್ಲ ಈ ಮಾತನ್ನು ನಗುತ್ತ ಹೇಳುತ್ತಿದ್ದರು. ಎರಡನೇ ವರ್ಷ ನಗು ಕಡಿಮೆಯಾಯಿತು. ಆಮೇಲೆ ಹೇಳುವುದನ್ನೇ ಬಿಟ್ಟರು. ನನಗೆ ಹೆದರಿಕೆ ಶುರುವಾದದ್ದು ಆಗಲೇ.

ನಮ್ಮದು ವಿಜಯಪುರದ ಸೊಲ್ಲಾಪುರ ರಸ್ತೆಯ ಕಡೆ ಬಾಡಿಗೆ ಮನೆ. ಅವರು ಹೈಸ್ಕೂಲ್ ಮಾಸ್ತರು. ಶನಿವಾರ ಮುಂಜಾನೆ ಸಾಲಿ ಮುಗಿದರೆ ಸೋಮವಾರದವರೆಗೆ ಬಿಡುವು. ನಾನು ಯುವಜನರ ಕಾರ್ಯಕ್ರಮ ನಡೆಸುವ ಸಂಸ್ಥೆಯೊಂದರಲ್ಲಿ ಸಂಯೋಜಕಿ. ತಿಕೋಟಾ ಮತ್ತು ಬಬಲೇಶ್ವರ ತಾಲ್ಲೂಕು ನನ್ನ ಪಾಲಿಗೆ. ಒಂದು ಅಥಣಿ ರಸ್ತೆಗೆ, ಇನ್ನೊಂದು ಜಮಖಂಡಿ ರಸ್ತೆಗೆ. ಒಂದೇ ದಿನ ಎರಡೂ ಕಡೆ ಕಾರ್ಯಕ್ರಮ ಬಂದರೆ ನಡುವೆ ಊಟ ಬಸ್‌ಸ್ಟ್ಯಾಂಡಿನಲ್ಲೇ.

ಮದುವೆಗೆ ಮೊದಲು ಇಬ್ಬರೂ ಕೂತು ಪಟ್ಟಿ ಮಾಡಿದ್ದೆವು. ಆಲಮಟ್ಟಿ, ಕೂಡಲಸಂಗಮ, ಬಾದಾಮಿ, ಪಂಢರಪುರ. ತಿಂಗಳಿಗೊಂದು ಊರು ಅಂತ ಲೆಕ್ಕ. ಮೊದಲ ಹತ್ತು ತಿಂಗಳಲ್ಲಿ ಹೋದದ್ದು ಎಷ್ಟು ಗೊತ್ತಾ? ಒಂದು. ಅದೂ ಸಂಬಂಧಿಕರ ಮದುವೆಗೆ ಹೋದಾಗ ದಾರಿಯಲ್ಲಿ ಸಿಕ್ಕ ಕೂಡಲಸಂಗಮ.

ರವಿವಾರವೇ ಯಾಕೆ?

ಬಹಳ ಮಂದಿ ಕೇಳುತ್ತಾರೆ, "ಯುವಕರ ಕಾರ್ಯಕ್ರಮ ಬುಧವಾರ ಮಾಡಿದ್ರ ಏನಾಗ್ತದ?" ಏನೂ ಆಗುವುದಿಲ್ಲ, ಯಾರೂ ಬರುವುದಿಲ್ಲ ಅಷ್ಟೇ! ಹಳ್ಳಿಯ ಹುಡುಗರು ವಾರವಿಡೀ ವಿಜಯಪುರದ ಕಾಲೇಜಿಗೆ ಬಸ್ ಹತ್ತಿರುತ್ತಾರೆ. ಓದು ಬಿಟ್ಟವರು ದ್ರಾಕ್ಷಿ ತೋಟದಲ್ಲಿರುತ್ತಾರೆ. ಸಾಲಿ ಮೈದಾನ, ಸಾಲಿ ಕೋಣೆ ಖಾಲಿ ಸಿಗುವುದೂ ರವಿವಾರವೇ. ಹೆಣ್ಣುಮಕ್ಕಳಂತೂ ಮನೆಗೆಲಸ ಮುಗಿಸಿ ಹನ್ನೊಂದಕ್ಕೆ ಬಂದು ಮೂರಕ್ಕೆ ಮನೆ ಸೇರಬೇಕು. ಆ ನಾಲ್ಕು ತಾಸಿನಲ್ಲೇ ಹೊಲಿಗೆ ತರಬೇತಿಯ ಮಾಹಿತಿ, ಆರೋಗ್ಯದ ಮಾತು, ಒಂದಿಷ್ಟು ಆಟ, ಎಲ್ಲವೂ ಆಗಬೇಕು.

ಇನ್ನು ವರ್ಷದ ದಿನಾಚರಣೆಗಳು. ಜೂನ್ 21 ಯೋಗ ದಿನ. ಆಗಸ್ಟ್‌ನಲ್ಲಿ ತಿರಂಗಾ. ಸೆಪ್ಟೆಂಬರ್ ಕಡೆಯಿಂದ ಅಕ್ಟೋಬರ್ 2ರ ತನಕ ಸ್ವಚ್ಛತೆ. ಅಕ್ಟೋಬರ್ 31 ಏಕತಾ ದಿನ. ಎಲ್ಲಕ್ಕಿಂತ ದೊಡ್ಡದು ಜನವರಿ. 12ನೇ ತಾರೀಖು ವಿವೇಕಾನಂದರ ಜಯಂತಿ. 1985ರಿಂದ ದೇಶವೆಲ್ಲ ಅದನ್ನು ರಾಷ್ಟ್ರೀಯ ಯುವ ದಿನವಾಗಿ ಆಚರಿಸುತ್ತದೆ. ಅಲ್ಲಿಂದ 19ರವರೆಗೆ ಯುವ ಸಪ್ತಾಹ, 25ಕ್ಕೆ ಮತದಾರರ ದಿನ, 26ಕ್ಕೆ ಗಣರಾಜ್ಯೋತ್ಸವ.

ವಿಜಯಪುರದವರಿಗೆ ಬೇರೆ ಹೇಳಬೇಕಿಲ್ಲ, ಅದೇ ಹೊತ್ತಿಗೆ ಸಂಕ್ರಾಂತಿ, ಅದೇ ಹೊತ್ತಿಗೆ ಸಿದ್ಧೇಶ್ವರ ಜಾತ್ರೆ. ಹೊಸ ಸೊಸೆ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ಬುತ್ತಿ ಕಟ್ಟಿಕೊಂಡು ಮನೆಯವರ ಜೋಡಿ ಹೊಳೆಗೆ ಹೋಗಬೇಕು. ಈ ಸೊಸೆ ಬಬಲೇಶ್ವರ ಕಡೆಯ ಹಳ್ಳಿಯೊಂದರಲ್ಲಿ ಭಾಷಣ ಸ್ಪರ್ಧೆಗೆ ಅಂಕ ಹಾಕುತ್ತ ಕೂತಿದ್ದಳು. ಅತ್ತಿಯವರು ಬೈಯಲಿಲ್ಲ. "ನಿನ್ನ ಪಾಲಿನ ಬುತ್ತಿ ತೆಗೆದಿಟ್ಟೀನಿ ತಂಗಿ" ಅಂದರು. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಜವಳದ ದಿನ

ನಿಜವಾದ ಪೆಟ್ಟು ಬಿದ್ದದ್ದು ಚಡಚಣದಲ್ಲಿ, ನಾದಿನಿಯ ಮಗನ ಜವಳಕ್ಕೆ. ಸೋದರಮಾವನ ತೊಡೆಯ ಮೇಲೆ ಕೂಸನ್ನು ಕೂಡ್ರಿಸಿ ಕೂದಲು ತೆಗೆಯುವ ಕಾರ್ಯ. ಸೋದರಮಾವ ಅಂದರೆ ನಮ್ಮವರು. ಕೂಸಿಗೆ ತವರಿನ ಹೊಸ ಅಂಗಿ ತೊಡಿಸಬೇಕಾದವಳು ನಾನು. ಅವರು ಹಿಂದಿನ ದಿನವೇ ಬೈಕಿನಲ್ಲಿ ಹೋಗಿದ್ದರು. ಅಂಗಿ ಅಳತೆ ಸರಿಪಡಿಸಲು ದರ್ಜಿಗೆ ಕೊಟ್ಟಿದ್ದರಿಂದ ನನ್ನ ಹತ್ತಿರವೇ ಉಳಿದಿತ್ತು. "ಮುಂಜಾನೆ ತಿಕೋಟಾದಾಗ ಕಬಡ್ಡಿ ಉದ್ಘಾಟನೆ ಮಾಡಿಸಿ ಹನ್ನೊಂದಕ್ಕ ಬಸ್ ಹತ್ತತೀನ್ರೀ" ಅಂದಿದ್ದೆ.

ಉದ್ಘಾಟನೆಗೆ ಬರಬೇಕಾದವರು ಬಂದದ್ದೇ ಹನ್ನೊಂದಕ್ಕೆ. ಆಮೇಲೆ ಎರಡು ತಂಡಗಳ ನಡುವೆ ತೂಕದ ತಕರಾರು. ಒಬ್ಬ ಹುಡುಗ ಮಿತಿಗಿಂತ ಒಂದು ಕಿಲೋ ಹೆಚ್ಚಿದ್ದಾನೆ ಅಂತ ಒಬ್ಬರು, ತಕ್ಕಡಿನೇ ಸುಳ್ಳು ಅಂತ ಇನ್ನೊಬ್ಬರು. ಬಿಟ್ಟು ಬಂದರೆ ಹೊಡೆದಾಟ ಆಗುತ್ತದೆ ಅನ್ನಿಸಿತು. ಎಲ್ಲ ಸರಿಹೋಗಿ, ತಿಕೋಟಾದಿಂದ ವಿಜಯಪುರ, ವಿಜಯಪುರದಿಂದ ಝಳಕಿ, ಝಳಕಿಯಿಂದ ಚಡಚಣ, ಹೀಗೆ ಬಸ್ ಬದಲಿಸಿ ನಾನು ಮುಟ್ಟಿದಾಗ ಸಂಜೆ ನಾಲ್ಕೂವರೆ. ಅಂಗಳದಲ್ಲಿ ಭಾಂಡೆ ತೊಳೆಯುತ್ತಿದ್ದರು. ಕೂಸು ಹಳೇ ಅಂಗಿಯಲ್ಲೇ ಮಲಗಿತ್ತು.

ಯಾರೂ ಏನೂ ಅನ್ನಲಿಲ್ಲ. ರಾತ್ರಿ ಬೈಕಿನಲ್ಲಿ ಸೊಲ್ಲಾಪುರ ರಸ್ತೆ ಹಿಡಿದು ವಾಪಸ್ ಬರುವಾಗ ಅವರೂ ಮಾತಾಡಲಿಲ್ಲ. ಹೊರ್ತಿ ಹತ್ತಿರ ಚಹಾಕ್ಕೆ ನಿಲ್ಲಿಸಿದರು. ಕಪ್ಪು ಕೆಳಗಿಟ್ಟು, "ನಿನ್ನ ಡೈರಿಯೊಳಗ ಎಲ್ಲಾ ಊರಿನ ಹೆಸರು ಅದಾವ. ನನ್ನ ಹೆಸರು ಯಾವ ತಾರೀಖಿಗೆ ಐತಿ, ಅದನ್ನಷ್ಟು ಹೇಳು" ಅಂದರು.

ನನಗೂ ಸಿಟ್ಟು ಬಂತು. "ನೀವು ಮಾಸ್ತರು, ಪರೀಕ್ಷೆ ಬಂದಾಗ ನಾ ಏನರ ಅಂದೀನೇನ್ರೀ? ಹೆಂಗಸು ಕೆಲಸ ಮಾಡಿದ್ರನ ತಪ್ಪೇನು?" ಅಂದೆ. "ಕೆಲಸ ಬಿಡು ಅಂದೆನೇನು? ಹನ್ನೊಂದಕ್ಕ ಬರಾಕ ಆಗೂದಿಲ್ಲ ಅಂತ ನಿನಗ ಮೊದಲ ಗೊತ್ತಿತ್ತು. ಬರ್ತೀನಿ ಅಂದಿ, ಅದಕ್ಕ ಕಾದೆ" ಅಂದರು. ಉತ್ತರ ಹೊಳೆಯಲಿಲ್ಲ. ನಿಜವಾಗಿಯೂ ನನಗೆ ಮೊದಲೇ ಗೊತ್ತಿತ್ತು. ಇಲ್ಲ ಅನ್ನಲು ಮನಸ್ಸಾಗದೆ ಹೂಂ ಅಂದಿದ್ದೆ. "ಮುಂದಿನ ರವಿವಾರ ಖಂಡಿತ" ಅಂತ ಹತ್ತು ತಿಂಗಳು ಹೇಳಿದ್ದೂ ಹಾಗೆಯೇ.

ಗೋಡೆಯ ಮೇಲೆ ಒಂದೇ ಕ್ಯಾಲೆಂಡರ್

ಆ ವಾರವೇ ಇಬ್ಬರೂ ಕೂತೆವು. ಪ್ರವಾಸದ ಪಟ್ಟಿ ಬದಿಗಿಟ್ಟು ಕೆಲಸದ ಪಟ್ಟಿ ಮಾಡಿದೆವು. ಅವರ ಪರೀಕ್ಷೆ, ನನ್ನ ದಿನಾಚರಣೆ, ಎರಡೂ ಮನೆಯ ಕಾರ್ಯ, ಎಲ್ಲ ಒಂದೇ ಕ್ಯಾಲೆಂಡರಿನಲ್ಲಿ ಬರೆದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ನನ್ನ ಕೆಲಸಕ್ಕೂ ಒಂದು ಬಿಡುವಿನ ಹಂಗಾಮು ಇದೆ! ಫೆಬ್ರುವರಿ, ಮಾರ್ಚ್‌ನಲ್ಲಿ ತಿಕೋಟಾ ಭಾಗದ ಹುಡುಗರೆಲ್ಲ ದ್ರಾಕ್ಷಿ ಕಟಾವಿನಲ್ಲಿ, ಒಣದ್ರಾಕ್ಷಿ ಶೆಡ್ಡಿನಲ್ಲಿ ಇರುತ್ತಾರೆ. ಕರೆದರೂ ಬರುವುದಿಲ್ಲ. ಆಗ ನನಗೆ ಇರುವುದು ವರದಿ ಬರೆಯುವ ಕೆಲಸ. ಅದು ವಾರದ ದಿನಗಳಲ್ಲೇ ಮುಗಿಯುತ್ತದೆ. ಬಿಸಿಲು ಏರುವ ಮೊದಲಿನ ಆ ರವಿವಾರಗಳು ನಮ್ಮವು.

ಉಳಿದ ತಿಂಗಳಿಗೆ ಶನಿವಾರ ಮಧ್ಯಾಹ್ನ. ರವಿವಾರ ದುಡಿದದ್ದಕ್ಕೆ ಬದಲಿ ರಜೆ ಕೊಡಿ ಅಂತ ಕಚೇರಿಗೆ ಬರೆದುಕೊಟ್ಟೆ. ಬಾಯಲ್ಲಿ ಕೇಳಿದಾಗ ಸಿಗದ್ದು ಬರೆದುಕೊಟ್ಟ ಮೇಲೆ ತಿಂಗಳಿಗೆ ಎರಡು ಶನಿವಾರ ಸಿಕ್ಕಿತು.

ದೂರದ ಊರೇ ಆಗಬೇಕು ಅನ್ನುವ ಹಟವನ್ನೂ ಬಿಟ್ಟೆವು. ಒಂದು ಶನಿವಾರ ಇಬ್ರಾಹಿಂ ರೋಜಾಕ್ಕೆ ಹೋದೆವು. ಮನೆಗೆ ಅಷ್ಟು ಸಮೀಪ ಇದ್ದರೂ ಮದುವೆಯಾದ ಮೇಲೆ ಇಬ್ಬರೂ ಕೂಡಿ ಹೋಗಿರಲೇ ಇಲ್ಲ. ಎರಡನೇ ಇಬ್ರಾಹಿಂ ಆದಿಲ್‌ಶಾಹ ತನ್ನ ರಾಣಿ ತಾಜ್ ಸುಲ್ತಾನಾಳಿಗೆಂದು ಕಟ್ಟಿಸತೊಡಗಿದ ಗೋರಿ ಅದು. 1627ರಲ್ಲಿ ಅವನೇ ಮೊದಲು ತೀರಿಕೊಂಡ. ಈಗ ಇಬ್ಬರೂ ಅಲ್ಲೇ ಇದ್ದಾರೆ. "ರಾಜಗೂ ಟೈಮ್ ಸಿಕ್ಕಿಲ್ಲ ನೋಡು" ಅಂದರು ನಮ್ಮವರು. ಬಹಳ ದಿನದ ಮೇಲೆ ಇಬ್ಬರೂ ಒಟ್ಟಿಗೆ ನಕ್ಕೆವು.

ಮತ್ತೊಂದು ಸಲ ಬಬಲೇಶ್ವರದ ಕೆಲಸ ಮುಗಿಯುವ ಹೊತ್ತಿಗೆ ಅವರೇ ಅಲ್ಲಿಗೆ ಬಂದರು. ಮಮದಾಪುರದ ಆದಿಲ್‌ಶಾಹಿ ಕಾಲದ ಕೆರೆಯ ದಂಡೆಯಲ್ಲಿ ಕೂತು ಬುತ್ತಿ ಬಿಚ್ಚಿದೆವು. ಮಾರ್ಚಿನಲ್ಲಿ ಬಸ್ಸಿನಲ್ಲೇ ಆಲಮಟ್ಟಿ. ನಂದು ಶಕ್ತಿ ಯೋಜನೆಯ ಟಿಕೆಟ್, ಅವರದು ರೊಕ್ಕದ ಟಿಕೆಟ್. ಜಲಾಶಯ, ಉದ್ಯಾನ, ಸಂಜೆ ಸಂಗೀತ ಕಾರಂಜಿ ನೋಡಿ ರಾತ್ರಿ ಮನೆಗೆ. ಗೌರವಧನದಲ್ಲಿ ದುಡಿಯುವವರಿಗೆ ಪ್ರವಾಸದ ಖರ್ಚೂ ಒಂದು ಪ್ರಶ್ನೆಯೇ ಅಲ್ಲವೇ?

ನಮಗೆ ಉಪಯೋಗಕ್ಕೆ ಬಂದದ್ದು

• "ನೋಡೂಣು" ಅನ್ನುವ ಮಾತು ನಮ್ಮ ಮನೆಯಲ್ಲಿ ಬಂದ್. ತಾರೀಖು ಹೇಳಬೇಕು, ಇಲ್ಲವಾದರೆ ಆಗುವುದಿಲ್ಲ ಅನ್ನಬೇಕು. ಇಲ್ಲ ಅಂದರೆ ಒಂದು ದಿನ ಬೇಸರ, ಬರ್ತೀನಿ ಅಂತ ಬರದಿದ್ದರೆ ತಿಂಗಳು ಬೇಸರ.

• ಮನೆಯ ಮುಖ್ಯ ಕಾರ್ಯವಿದ್ದ ದಿನ "ಮುಗಿಸಿ ಬರ್ತೀನಿ" ಬೇಡ. ಆ ದಿನ ಕೆಲಸಕ್ಕೆ ಪೂರ್ತಿ ರಜೆ.

• ನಾನಿಲ್ಲದಿದ್ದರೆ ಕೆಲಸ ನಿಲ್ಲುತ್ತದೆ ಅಂದುಕೊಂಡಿದ್ದೆ. ಒಮ್ಮೆ ಜ್ವರ ಬಂದು ಹೋಗಲಾಗಲಿಲ್ಲ. ಯುವತಿ ಮಂಡಳದ ಹುಡುಗಿಯರೇ ಮೈಕು, ಬಹುಮಾನ, ಲೆಕ್ಕ ಎಲ್ಲ ನೋಡಿಕೊಂಡು ಫೋಟೊ ಕಳಿಸಿದರು. ಹೊಣೆ ಹೊರುವುದನ್ನು ಕಲಿಸಬೇಕಾದವಳೇ ಅವರಿಗೆ ಹೊಣೆ ಬಿಟ್ಟುಕೊಟ್ಟಿರಲಿಲ್ಲ!

• ರಾತ್ರಿ ಎಂಟರಿಂದ ಹತ್ತು ಮಂಡಳಗಳ ವಾಟ್ಸ್ಆ್ಯಪ್ ಗುಂಪು ನೋಡುವುದಿಲ್ಲ. ತುರ್ತಿದ್ದರೆ ಫೋನ್ ಮಾಡುತ್ತಾರೆ. ಈವರೆಗೆ ಮಾಡಿದ್ದು ಎರಡೇ ಸಲ.

ಎಲ್ಲ ಸರಿಹೋಯಿತು ಅಂತ ಹೇಳಲಾರೆ. ಹೋದ ಜನವರಿಯಲ್ಲಿ ಮತ್ತೆ ಸಂಕ್ರಾಂತಿಯ ಬುತ್ತಿ ತಪ್ಪಿತು. ಆದರೆ ಈ ಸಲ ಡಿಸೆಂಬರಿನಲ್ಲೇ ಅತ್ತಿಯವರಿಗೆ ಹೇಳಿದ್ದೆ. "ಹಂಗಾದ್ರ ಸಂಜೀಕ ಜಾತ್ರಿಗೆ ಕೂಡೇ ಹೋಗೂಣಾಳ" ಅಂದರು. ಹೋದೆವು. ನಾದಿನಿಯೂ ಬಂದಿದ್ದಳು. ಅವಳ ಮಗನಿಗೆ ಜಾತ್ರೆಯಲ್ಲಿ ಒಂದು ಅಂಗಿ ಕೊಡಿಸಿದೆ. "ಇದನ್ನರ ವೇಳ್ಯಾಕ್ಕ ತಂದ್ಯಲ್ಲ ವೈನಿ" ಅಂತ ಅವಳು ಚುಚ್ಚಿದಳು. ಚುಚ್ಚಿದ್ದಕ್ಕೇ ಮನಸ್ಸು ಹಗುರಾಯಿತು.

ನರ್ಸು, ಕಂಡಕ್ಟರ್, ಪೊಲೀಸ್, ಅಂಗಡಿಯವರು, ರವಿವಾರ ಇಲ್ಲದ ಮನೆಗಳು ಎಷ್ಟಿಲ್ಲ? ನಿಮ್ಮ ಮನೆಯ ರವಿವಾರ ಯಾವ ವಾರ ಬರುತ್ತದೆ? ನೀವೂ ಬರೆದು ತಿಳಿಸಿ.