ಗೂಬೆಯ ಕಾಲಿಗೆ ಕಟ್ಟಿದ ಸುಳ್ಳು ಚೀಟಿ

ಅಪರೂಪದ ಹಕ್ಕಿ ಕಂಡೆನೆಂದು ಯಾರಾದರೂ ಹೇಳಿದರೆ ನಂಬಿಬಿಡಬಾರದೇಕೆ, ಸುಳ್ಳೇ ಆಗಿದ್ದರೂ ಹಕ್ಕಿಗೇನು ನಷ್ಟ ಎಂದು ಕೇಳುವವರಿದ್ದಾರೆ. ನಷ್ಟವಿದೆ. ಮಧ್ಯಭಾರತದ ಕಾಡುಗಳ ಪುಟ್ಟ ಗೂಬೆ ಫಾರೆಸ್ಟ್ ಔಲೆಟ್‌ನ ಕತೆಯೇ ಅದಕ್ಕೆ ಸಾಕ್ಷಿ. ಹತ್ತೊಂಬತ್ತನೆಯ ಶತಮಾನದಲ್ಲಿ ಸಿಕ್ಕಿದ್ದು ಅದರ ಬೆರಳೆಣಿಕೆಯ ಮಾದರಿಗಳು ಮಾತ್ರ. ಅವೂ ಪರದೇಶದ ಮ್ಯೂಸಿಯಂಗಳ ಪಾಲಾದವು. 1884ರ ನಂತರ ಹಕ್ಕಿಯ ಸುದ್ದಿಯಿಲ್ಲ, ಒಂದನ್ನು ಬಿಟ್ಟು: ಬ್ರಿಟಿಷ್ ಸೇನಾಧಿಕಾರಿ ರಿಚರ್ಡ್ ಮೈನರ್ಟ್ಸ್‌ಹಾಗನ್ 1914ರಲ್ಲಿ ಗುಜರಾತಿನ ಮಾಂಡವಿಯಲ್ಲಿ ಸಂಗ್ರಹಿಸಿದ್ದೆಂದು ಚೀಟಿ ಕಟ್ಟಿದ್ದ ಒಂದು ಮಾದರಿ. ಸಲೀಂ ಅಲಿ, ಡಿಲನ್ ರಿಪ್ಲಿಯಂಥ ಪಕ್ಷಿತಜ್ಞರ ಹುಡುಕಾಟವೂ ಈ ದಾಖಲೆಯನ್ನು ನೆಚ್ಚಿಕೊಂಡು ಬರಿಗೈಯಲ್ಲಿ ಮುಗಿಯಿತು. 1990ರ ದಶಕದಲ್ಲಿ ಪಕ್ಷಿತಜ್ಞರಾದ ಅಮೆರಿಕದ ಪಮೇಲಾ ರಾಸ್ಮುಸೆನ್ ಮತ್ತು ಇಂಗ್ಲೆಂಡಿನ ನೈಜೆಲ್ ಕಾಲರ್ ಆ ಮಾದರಿಯನ್ನೇ ತನಿಖೆಗೆ ಒಳಪಡಿಸಿದರು. ಎಕ್ಸ್‌ರೇ ತೆಗೆದು ಒಳಗಿನ ಹೊಲಿಗೆ, ತುಂಬಿದ ಹತ್ತಿ ಎಲ್ಲವನ್ನೂ ನೋಡಿದರು. ನಾರಿನ ಪರೀಕ್ಷೆಗೆ ಎಫ್‌ಬಿಐ ಪ್ರಯೋಗಾಲಯದ ನೆರವೂ ಸಿಕ್ಕಿತು. ಕೊನೆಗೆ ತಿಳಿದದ್ದು ಇದು: ಆ ಮಾದರಿ 1880ರ ದಶಕದಲ್ಲಿ ಜೇಮ್ಸ್ ಡೇವಿಡ್ಸನ್ ಖಾನ್‌ದೇಶದಲ್ಲಿ ಸಂಗ್ರಹಿಸಿದ್ದ ಹಕ್ಕಿ. ಕದ್ದು, ಬಿಚ್ಚಿ, ಮತ್ತೆ ತುಂಬಿ, ಹೊಸ ಚೀಟಿ ಕಟ್ಟಲಾಗಿತ್ತು. ಮಾಂಡವಿಯನ್ನು ಕೈಬಿಟ್ಟು ಹಳೆಯ, ನಿಜವಾದ ಚೀಟಿಗಳು ತೋರಿದ ದಾರಿ ಹಿಡಿದ ರಾಸ್ಮುಸೆನ್ ಮತ್ತು ಜೊತೆಗಾರರಿಗೆ 1997ರ ನವೆಂಬರಿನಲ್ಲಿ ಮಹಾರಾಷ್ಟ್ರದ ಶಹಾದೆಯ ಬಳಿ ಹಕ್ಕಿ ಜೀವಂತವಾಗಿ ಕಂಡಿತು. ಕಾಡು ಭಾರತದ್ದು, ಮಾದರಿ ಇಂಗ್ಲೆಂಡಿನಲ್ಲಿ, ಪರೀಕ್ಷಿಸಿದ ಕಣ್ಣು ಹಲವು ದೇಶಗಳದು. ಯಾವ ಒಂದು ದೇಶಕ್ಕೂ ಒಂಟಿಯಾಗಿ ಈ ಒಗಟನ್ನು ಬಿಡಿಸಲು ಆಗುತ್ತಿರಲಿಲ್ಲ.

ದಾಖಲೆಗಳನ್ನು ಒಪ್ಪುವುದರಲ್ಲಿ ಇಷ್ಟು ಕಟ್ಟುನಿಟ್ಟಾದರೆ ನಿಜವಾದ ಹಕ್ಕಿಯೂ ಕೈತಪ್ಪಿ ಹೋಗದೇ ಎಂಬ ಆಕ್ಷೇಪವನ್ನು ನಾನು ಹಗುರವಾಗಿ ಕಾಣಲಾರೆ. ಸಪೂರ ಕೊಕ್ಕಿನ ಕರ್ಲ್ಯೂ ಹಕ್ಕಿಯನ್ನು ನೋಡಿ. ಅದು ಗೂಡು ಕಟ್ಟಿದ್ದು ಸೈಬೀರಿಯದ ಕಡೆ, ಚಳಿಗಾಲ ಕಳೆದದ್ದು ಮೆಡಿಟರೇನಿಯನ್ ತೀರದಲ್ಲಿ. ತಕರಾರಿಲ್ಲದ ಕೊನೆಯ ದರ್ಶನ 1995ರ ಫೆಬ್ರವರಿಯಲ್ಲಿ, ಮೊರಾಕ್ಕೊದ ಮೆರ್ಜಾ ಜೆರ್ಗಾದಲ್ಲಿ. 1998ರಲ್ಲಿ ಇಂಗ್ಲೆಂಡಿನಲ್ಲಿ ಕಂಡಿತೆಂಬ ಹಕ್ಕಿಯನ್ನು ಮೊದಲು ಒಪ್ಪಿಕೊಂಡ, ಅಪರೂಪದ ಹಕ್ಕಿಗಳ ದಾಖಲೆ ಪರಿಶೀಲಿಸುವ ಬ್ರಿಟನ್ನಿನ ಸಮಿತಿ, ಮರುಪರಿಶೀಲಿಸಿ ಪಟ್ಟಿಯಿಂದ ತೆಗೆಯಿತು. ಕಂಡವರನ್ನು ಸುಳ್ಳುಗಾರರೆಂದು ಅದು ಕರೆಯಲಿಲ್ಲ. ಸಾಕ್ಷ್ಯ ಸಾಲದು ಎಂದಿತು, ಅಷ್ಟೆ. ಕಡತ ಉಳಿದರೆ ನಾಳೆ ಯಾರಾದರೂ ಮತ್ತೆ ತೆರೆಯಬಹುದು. ಇಂಥ ಹಕ್ಕಿಯ ವಿಷಯದಲ್ಲಿ ಒಂದು ದೇಶ ಸಡಿಲ, ಇನ್ನೊಂದು ಬಿಗಿಯಾದರೆ ಕೊನೆಯ ಸಲ ಕಂಡ ದಿನಾಂಕಕ್ಕೇ ಅರ್ಥವಿರುವುದಿಲ್ಲ. ಯುರೋಪಿನ ಇಂಥ ಸಮಿತಿಗಳು 1993ರಲ್ಲಿ ಒಕ್ಕೂಟ ಕಟ್ಟಿಕೊಂಡದ್ದು ಅಳತೆಗೋಲನ್ನು ಸಮನಾಗಿಸಲೆಂದೇ. 2025ರಲ್ಲಿ ಆ ಕರ್ಲ್ಯೂ ಅಳಿದುಹೋಯಿತೆಂದು ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಘೋಷಿಸಿತು. ಎಷ್ಟೋ ದೇಶಗಳ ಹುಡುಕಾಟ, ಸೋಸಿದ ದಾಖಲೆಗಳು ಬೆನ್ನಿಗಿರದಿದ್ದರೆ ಅಷ್ಟು ಭಾರವಾದ ಮಾತು ಆಡುವಂತಿರಲಿಲ್ಲ.

ಈಗ ಎಲ್ಲರ ಕೈಯಲ್ಲೂ ಕ್ಯಾಮೆರಾ ಇದೆ, ಫೋಟೊ ಸಾಲದೇ ಎನ್ನಬಹುದು. ಫೋಟೊ ಹಕ್ಕಿ ಯಾವುದೆಂದು ಹೇಳೀತು. ಮಾಂಡವಿಯ ಚೀಟಿ ಹೊತ್ತಿದ್ದ ಗೂಬೆಯೂ ಅಪ್ಪಟ ಫಾರೆಸ್ಟ್ ಔಲೆಟ್ಟೇ. ಸುಳ್ಳಾಗಿದ್ದದ್ದು ಊರು, ಇಸವಿ ಮತ್ತು ಸಂಗ್ರಹಿಸಿದವನ ಹೆಸರು.