ಪಕ್ಷದ ಪಟ್ಟಭದ್ರರು ಯಾರು?

ರಾಜಕೀಯ ಪಕ್ಷಗಳಲ್ಲಿ ಒಡಕು ತಲೆದೋರಿದಾಗಲೆಲ್ಲ ಒಂದು ಬಣದವರು ಮತ್ತೊಂದು ಬಣವನ್ನು ಪಟ್ಟಭದ್ರರ ಕೂಟವೆಂದು ಹಳಿಯುವುದು ವಾಡಿಕೆ. ಆದರೆ ಆ ಪಟ್ಟವೆಲ್ಲಿದೆ, ಅದನ್ನು ಕಟ್ಟಿದವರು ಯಾರು ಎಂದು ಕೇಳಿದರೆ ಉತ್ತರವು ಸುಲಭವಲ್ಲ. ಅಧ್ಯಕ್ಷಪೀಠವನ್ನು ಅಲಂಕರಿಸಿದವರೇ ಪಕ್ಷದ ಯಜಮಾನರೆಂದು ನಂಬುವವರು ಕಾಂಗ್ರೆಸ್ಸಿನ ಇತಿಹಾಸವನ್ನೊಮ್ಮೆ ತಿರುವಿ ನೋಡಬೇಕು.

1939ರ ಜನವರಿಯಲ್ಲಿ ಸುಭಾಷಚಂದ್ರ ಬೋಸರು 1580 ಮತಗಳನ್ನು ಪಡೆದು, ಪಟ್ಟಾಭಿ ಸೀತಾರಾಮಯ್ಯನವರನ್ನು ಸೋಲಿಸಿ, ಎರಡನೆಯ ಸಲ ಅಧ್ಯಕ್ಷರಾದರು. ಒಡನೆಯೇ ಕಾರ್ಯಕಾರೀ ಸಮಿತಿಯ ಬಹುಪಾಲು ಸದಸ್ಯರು ರಾಜೀನಾಮೆಯಿತ್ತರು. ಮಾರ್ಚಿಯಲ್ಲಿ ತ್ರಿಪುರಿಯಲ್ಲಿ ಸೇರಿದ ಅಧಿವೇಶನವು, ಗಾಂಧೀಜಿಯವರ ಇಚ್ಛೆಗನುಸಾರವಾಗಿಯೇ ಅಧ್ಯಕ್ಷರು ಹೊಸ ಸಮಿತಿಯನ್ನು ನೇಮಿಸತಕ್ಕದ್ದೆಂದು ನಿರ್ಣಯಿಸಿತು. ಏಪ್ರಿಲ್ ಮುಗಿಯುವುದರೊಳಗೆ ಬೋಸರು ಪೀಠವನ್ನು ತ್ಯಜಿಸಿದರು. ಗಾಂಧೀಜಿಯವರಾದರೋ 1934ರಿಂದೀಚೆಗೆ ಕಾಂಗ್ರೆಸ್ಸಿನ ನಾಲ್ಕಾಣೆಯ ಸದಸ್ಯರೂ ಆಗಿರಲಿಲ್ಲ! ಅದು ಮಹಾತ್ಮರೊಬ್ಬರ ನೈತಿಕ ವರ್ಚಸ್ಸಿನ ಫಲ, ಸಾಮಾನ್ಯ ನಿಯಮವಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಆಗಲಿ; ಅಂತಹ ವರ್ಚಸ್ಸು ಯಾರಿಗೂ ಇಲ್ಲದಿದ್ದ ಕಾಲವನ್ನೇ ನೋಡೋಣ.

1969ರ ಜುಲೈಯಲ್ಲಿ ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿ ಸೇರಿದಾಗ ನಮ್ಮ ಎಸ್. ನಿಜಲಿಂಗಪ್ಪನವರೇ ಅಧ್ಯಕ್ಷರು. ಕಾಮರಾಜ, ಎಸ್.ಕೆ. ಪಾಟೀಲ, ಅತುಲ್ಯ ಘೋಷ್ ಮೊದಲಾದವರೊಡನೆ ಅವರನ್ನೂ ಸೇರಿಸಿ ಪತ್ರಿಕೆಗಳು ‘ಸಿಂಡಿಕೇಟ್’ ಎಂದು ಕರೆಯುತ್ತಿದ್ದವು. ಪ್ರಧಾನಿ ಇಂದಿರಾ ಗಾಂಧಿಯವರ ಅಭಿಮತವನ್ನು ಬದಿಗೊತ್ತಿ, ರಾಷ್ಟ್ರಪತಿ ಸ್ಥಾನಕ್ಕೆ ಸಂಜೀವ ರೆಡ್ಡಿಯವರನ್ನು ಉಮೇದುವಾರರನ್ನಾಗಿ ಆರಿಸಿದವರು ಇವರು. ಪಟ್ಟಭದ್ರರೆಂದರೆ ಇವರೇ ಎಂಬುದರಲ್ಲಿ ಅಂದು ಯಾರಿಗೂ ಸಂದೇಹವಿರಲಿಲ್ಲ. ಆದರೆ ಆಗಸ್ಟಿನಲ್ಲಿ ಗೆದ್ದವರು ವಿ.ವಿ. ಗಿರಿ. ನವೆಂಬರಿನಲ್ಲಿ ಸಿಂಡಿಕೇಟಿನವರು ಪ್ರಧಾನಿಯನ್ನೇ ಪಕ್ಷದಿಂದ ಹೊರಹಾಕಿದರು. ಲೋಕಸಭೆಯ ಕಾಂಗ್ರೆಸ್ ಸದಸ್ಯರಲ್ಲಿ ಬಹುಪಾಲು ಮಂದಿ ಹೊರಹಾಕಲ್ಪಟ್ಟವರ ಹಿಂದೆಯೇ ಹೋದರು. 1971ರ ಚುನಾವಣೆಯಲ್ಲಿ ಇಂದಿರಾ ಬಣಕ್ಕೆ 352 ಸ್ಥಾನಗಳು, ಹಳೆಯ ಕಾಂಗ್ರೆಸ್ಸಿಗೆ 16. ನಿಜಲಿಂಗಪ್ಪನವರ ಸ್ವಂತ ರಾಜ್ಯದ 27 ಸ್ಥಾನಗಳಲ್ಲಿ ಒಂದಾದರೂ ಅವರ ಪಾಲಿಗೆ ಬರಲಿಲ್ಲ. ಬೀಗದ ಕೈ ಅವರಲ್ಲೇ ಉಳಿದಿತ್ತು; ಮನೆಮಂದಿ ಮಾತ್ರ ಬೇರೆಡೆಗೆ ಹೋಗಿದ್ದರು.

ಪಟ್ಟಭದ್ರರನ್ನು ಎದುರಿಸಿ ಗೆದ್ದವರು ಮುಂದೇನಾದರು? ಈ ಪ್ರಶ್ನೆಗೆ ದೇವರಾಜ ಅರಸರ ಕಥೆಯೇ ಉತ್ತರ. ಸಿಂಡಿಕೇಟಿನ ವಿರುದ್ಧ ನಿಂತು 1972ರಲ್ಲಿ ಮುಖ್ಯಮಂತ್ರಿಗಳಾದ ಅರಸರು, 1977ರ ಸೋಲಿನಿಂದ ಕಂಗೆಟ್ಟಿದ್ದ ಇಂದಿರಾ ಅವರಿಗೆ ಮರುವರ್ಷ ಚಿಕ್ಕಮಗಳೂರಿನಲ್ಲಿ ಆಸರೆಯಿತ್ತರು. 1979ರಲ್ಲಿ ಅದೇ ಪಕ್ಷವು ಅವರನ್ನು ಹೊರದೂಡಿತು. ಶಾಸಕರಲ್ಲಿ ಹೆಚ್ಚಿನವರು ಅರಸರ ಜೊತೆಗೇ ನಿಂತರು, ನಿಜ. ಆದರೆ 1980ರ ಜನವರಿಯಲ್ಲಿ ರಾಜ್ಯದ 28 ಲೋಕಸಭಾ ಸ್ಥಾನಗಳಲ್ಲಿ 27 ಇಂದಿರಾ ಪಕ್ಷದ ಪಾಲಾದುದೇ ತಡ, ಆ ನಿಷ್ಠೆ ಕರಗಿಹೋಯಿತು. ಅರಸರು ಅಧಿಕಾರ ಬಿಟ್ಟರು, ಗುಂಡೂರಾವ್ ಮುಖ್ಯಮಂತ್ರಿಗಳಾದರು. ಶಾಸಕರನ್ನು ದೂರಿ ಫಲವೇನು? ಮುಂದಿನ ಟಿಕೀಟನ್ನು ಕೊಡುವ ಕೈ ಯಾವುದೆಂದು ಅವರು ಅರಿತಿದ್ದರು.

1972ರ ಬಳಿಕ ಸುಮಾರು ಇಪ್ಪತ್ತು ವರ್ಷ ಕಾಂಗ್ರೆಸ್ಸಿನೊಳಗೆ ಸಂಘಟನಾ ಚುನಾವಣೆಗಳೇ ನಡೆಯಲಿಲ್ಲ. ಈ ಅವಧಿಯಲ್ಲಿ ‘ಹೈಕಮಾಂಡ್’ ಎಂಬ ಮಾತು ಹಳ್ಳಿಯ ಚಾವಡಿಯವರೆಗೂ ಇಳಿಯಿತು. ಪಕ್ಷದ ನಿಬಂಧನೆಗಳಲ್ಲಿ ಇಲ್ಲದ ಈ ಹುದ್ದೆಗೆ ಇರುವಷ್ಟು ಭಯಭಕ್ತಿ, ಇರುವ ಹುದ್ದೆಗಳಿಗಿಲ್ಲ. ಇತರ ಪಕ್ಷಗಳೂ ಈ ವಿದ್ಯೆಯನ್ನು ಚೆನ್ನಾಗಿಯೇ ಕಲಿತಿವೆ ಎಂಬುದನ್ನು ಇಲ್ಲಿ ಹೇಳದಿದ್ದರೆ ಅನ್ಯಾಯವಾದೀತು.

2022ರ ಅಕ್ಟೋಬರಿನಲ್ಲಿ ಮಲ್ಲಿಕಾರ್ಜುನ ಖರ್ಗೆಯವರು 7897 ಮತಗಳನ್ನು ಪಡೆದು, ನಿಜಲಿಂಗಪ್ಪನವರು ಕುಳಿತಿದ್ದ ಪೀಠವನ್ನೇರಿದರು. ಎದುರಾಳಿ ಶಶಿ ತರೂರರಿಗೆ 1072 ಮತಗಳು ಬಂದವು. ಗಾಂಧಿ ಕುಟುಂಬದವರು ತಟಸ್ಥರೆಂದು ಮೊದಲೇ ಸಾರಲಾಗಿತ್ತು. ಮತವಿತ್ತ ಪ್ರತಿನಿಧಿಗಳಲ್ಲಿ ಆ ಕುಟುಂಬದ ಒಲವು ಯಾವ ಕಡೆಗೆಂದು ಊಹಿಸದೆ ಮತಪೆಟ್ಟಿಗೆಯ ಬಳಿಗೆ ಹೋದವರು ಎಷ್ಟು ಮಂದಿಯೋ, ವಾಚಕರೇ ಎಣಿಸಿಕೊಳ್ಳಲಿ.