ಬೆಳ್ಳಿಚುಕ್ಕಿ ಮ್ಯಾಲೆ ಯುದ್ಧ ಮಾಡಾಕ ಆಗತೈತೇನ್ರಿ?

ಕುಮಾರಪಟ್ಟಣದ ಹೊಳೆ ದಂಡಿಗೆ ನಿಂತ್ರ
ಒಮ್ಮೊಮ್ಮೆ ನಸುಕಿನ್ಯಾಗ ಬೆಳ್ಳಿಚುಕ್ಕಿ ಕಾಣತೈತಲ್ರಿ?
ಅದೇ ಶುಕ್ರ ಗ್ರಹ.
ಅಲ್ಲಿ ಸೈನ್ಯ ಇಳಿಸಿದ್ರ?

1959ರಾಗ ಅಮೆರಿಕದ ರಾಬರ್ಟ್ ಹೈನ್‌ಲೈನ್
‘ಸ್ಟಾರ್‌ಶಿಪ್ ಟ್ರೂಪರ್ಸ್’ ಕಾದಂಬರಿ ಬರೆದ್ರು.
ಯಂತ್ರದ ಕವಚ ತೊಟ್ಟ ಸೈನಿಕರು
ಅನ್ಯಗ್ರಹಕ್ಕ ಧುಮಕತಾರ.
ಶತ್ರು? ಜೇಡದಂಥಾ ಜೀವಿಗಳು!

ಶುಕ್ರನಾಗ ಶತ್ರುನ ಬ್ಯಾಡ್ರಿ.
ನೆಲದ ಬಿಸಿ ಸುಮಾರು 465 ಡಿಗ್ರಿ.
ಸೀಸ ಕರಗಿ ನೀರಾಗತೈತಿ.
ಬ್ಯಾಡಗಿ ಬಿಸಿಲು? ಅದರ ಮುಂದ ಐಸ್‌ಕ್ರೀಮ್!
ಮೋಡದ ತುಂಬ ಸಲ್ಫ್ಯೂರಿಕ್ ಆಸಿಡ್.

ಇನ್ನ ಗಾಳಿ ಒತ್ತಡ...
ತುಂಗಭದ್ರೆ ನೀರನ್ನ
900 ಮೀಟರ್ ಎತ್ತರಕ್ಕ ನಿಲ್ಲಿಸಿ,
ಅದರ ಬುಡದಾಗ ನೀವು ನಿಂತಂಗ!

1982ರಾಗ ಸೋವಿಯತ್‌ನ ವೆನೆರಾ-13 ನೌಕೆ ಅಲ್ಲಿ ಇಳೀತು.
ಬಣ್ಣದ ಫೋಟೊ ಕಳಿಸ್ತು.
ಬಾಳಿದ್ದು 127 ನಿಮಿಷ.

ನಮ್ಮ ಇಸ್ರೋದ ಶುಕ್ರಯಾನಕ್ಕೂ
2024ರಾಗ ಒಪ್ಪಿಗೆ ಸಿಕ್ಕೈತಿ.
ಅದು ಮ್ಯಾಲಿಂದ ಸುತ್ತತೈತಿ.
ಇಳಿಯಂಗಿಲ್ಲ.